ನಡುಗತ್ತಲೆ

ನಮ್ಮೂರಿನಲ್ಲಿ ಹೊಸ್ತಿಲು ದಾಟಿದ ಕೂಡಲೇ ಯಾರೂ ಒಳಗೆ ಹೋಗಿಬಿಡುವುದಿಲ್ಲ. ಬಾಗಿಲು ತಳ್ಳಿ ಕಾಲಿಟ್ಟರೆ ಮೊದಲು ಸಿಗುವುದು ಕತ್ತಲೆ. ಮಟಮಟ ಮಧ್ಯಾಹ್ನವಾಗಿರಲಿ, ಒಳಗೆ ದೀಪ ಉರಿಯುತ್ತಿರಲಿ, ಕತ್ತಲೆಯೇ. ಎಲೆಗೆ ಸುಣ್ಣ ಸವರಿ ಮಡಿಸಿ ಬಾಯಿಗಿಟ್ಟುಕೊಳ್ಳುವಷ್ಟು ಹೊತ್ತು ಅದರಲ್ಲಿ ನಡೆಯಬೇಕು. ಆಮೇಲೆ ಆಚೆಯ ಕೋಣೆ ತಾನಾಗಿ ಎದುರಾಗುತ್ತದೆ. ಅದನ್ನು ನಾವು ನಡುಗತ್ತಲೆ ಎನ್ನುತ್ತೇವೆ. ಅದರೊಳಗೆ ಏನೂ ಇಲ್ಲ. ಅಲ್ಲಿ ಯಾರಿಗೂ ಏನೂ ಆದದ್ದೂ ಇಲ್ಲ. ಕಿಟಕಿಗಳಿಗೆ ಈ ಕಾಟವಿಲ್ಲವಾದ್ದರಿಂದ ಊರಿನ ಅರ್ಧ ವ್ಯವಹಾರ ನಡೆಯುವುದು ಕಿಟಕಿಯಲ್ಲೇ. ಹಾಲು, ಸೊಪ್ಪು, ಸಾಲುಮನೆಯವರ ಜಗಳ, ಮದುವೆ ಮಾತುಕತೆ ಎಲ್ಲಕ್ಕೂ ಕಿಟಕಿಯ ಕಟ್ಟೆ ಸಾಕು. ಒಲೆಯ ಮೇಲೆ ಹಾಲಿಟ್ಟು ಪಕ್ಕದ ಕೋಣೆಗೆ ಹೋಗುವ ಹುಚ್ಚು ಕೆಲಸವನ್ನು ನಮ್ಮವರು ಮಾಡುವುದಿಲ್ಲ. ನೆಂಟರು ಕತ್ತಲೆಯಲ್ಲಿರುವಾಗಲೇ ಕೆಮ್ಮಿ ಹೆಸರು ಹೇಳುತ್ತಾರೆ. ಅವರು ಬೆಳಕಿಗೆ ಬರುವಷ್ಟರಲ್ಲಿ ಒಳಗಿನವರು ಚಾಪೆ ಹಾಸಿ ಮುಖಕ್ಕೊಂದು ನಗು ತಂದುಕೊಂಡಿರುತ್ತಾರೆ.

ನನ್ನ ಅಕ್ಕ ಅನಸೂಯ ನರ್ಸು. ನಮ್ಮೂರಿನಲ್ಲಿ ಬಸುರಿ ಹೆಂಗಸನ್ನು ಬಾಗಿಲುಗಳನ್ನು ದಾಟಿಸಿ ಆಸ್ಪತ್ರೆಗೆ ಸಾಗಿಸುವುದಕ್ಕಿಂತ ನರ್ಸನ್ನೇ ಮನೆಗೆ ಕರೆಸುವುದು ರೂಢಿ. ಅಕ್ಕನ ಕೈಗುಣದ ಮೇಲೆ ಜನಕ್ಕೆ ಬಹಳ ನಂಬಿಕೆ. ಹಾಗಾಗಿ ಅವಳು ಬೆಳಗಿನಿಂದ ಸಂಜೆಯವರೆಗೆ ಮನೆಯಿಂದ ಮನೆಗೆ, ಕತ್ತಲೆಯಿಂದ ಕತ್ತಲೆಗೆ ಓಡಾಡುತ್ತಲೇ ಇರುತ್ತಿದ್ದಳು. ನಡುಗತ್ತಲೆಯಲ್ಲಿ ನಡೆಯುತ್ತಲೇ "ಬಂದೆ ಕಣ್ರವ್ವಾ, ನಾನೇ" ಎಂದು ಕೂಗುತ್ತಿದ್ದಳು. ಆ ದನಿ ಕೇಳಿದರೇ ಅರ್ಧ ನೋವು ಇಳಿಯುತ್ತದೆ ಎನ್ನುತ್ತಿದ್ದರು ಹೆತ್ತ ಹೆಂಗಸರು.

ಒಂದು ಮಧ್ಯಾಹ್ನ ನೇಕಾರರ ಓಣಿಯಲ್ಲಿ ಅವಳು ಹೆರಿಗೆ ಮಾಡಿಸಿದಳು. ಸುಖವಾದ ಹೆರಿಗೆ. ಮಗು ಅತ್ತಿತು. ತಾಯಿ ಸುಸ್ತಾಗಿ ನಕ್ಕು, ಕುಡಿಯಲು ಬಿಸಿನೀರು ಕೇಳಿದಳು. ಅಕ್ಕ ಅಡುಗೆಮನೆಗೆ ಹೋಗಿ ನೀರು ತಂದಳು. ಹೋಗುವಾಗ ಒಂದು ಕತ್ತಲೆ, ಬರುವಾಗ ಒಂದು ಕತ್ತಲೆ. ಚೊಂಬು ಹಿಡಿದು ಬೆಳಕಿಗೆ ಬಂದಾಗ ಮಗು ಅಜ್ಜಿಯ ತೊಡೆಯ ಮೇಲೆ ಕೈಕಾಲಾಡಿಸುತ್ತಿತ್ತು. ತಾಯಿಯ ಉಸಿರು ನಿಂತಿತ್ತು. ಹೃದಯದ ದೋಷ ಮೊದಲಿನಿಂದಲೂ ಇತ್ತು, ಪಕ್ಕದಲ್ಲೇ ಕೂತಿದ್ದರೂ ಯಾರಿಂದಲೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಸತ್ತವಳ ಗಂಡನೂ ಮನೆಗೆ ಬಂದು, ನಿಮ್ಮದೇನೂ ತಪ್ಪಿಲ್ಲ ತಾಯಿ, ಎಂದು ಕೈಮುಗಿದು ಹೋದ. ಅಕ್ಕ ಎಲ್ಲರ ಮಾತಿಗೂ ತಲೆಯಾಡಿಸಿದಳು. ಆಮೇಲೆ ನಮ್ಮ ಮನೆಯ ಹಿಂಬದಿಯ ಕೋಣೆಗೆ ಸೇರಿದವಳು ಹೊರಗೆ ಬರಲಿಲ್ಲ.

ಆ ಕೋಣೆಯಲ್ಲಿ ಬಚ್ಚಲಿಗೆ ಬಿದಿರಿನ ತಡಿಕೆಯ ಮರೆಯಷ್ಟೇ ಇತ್ತು, ಹೊಸ್ತಿಲಿರಲಿಲ್ಲ. ಅಡುಗೆಮನೆಯ ಕಡೆಗೊಂದು ಕಿಟಕಿ, ಓಣಿಯ ಕಡೆಗೊಂದು ಕಿಟಕಿ. ಬದುಕುವುದಕ್ಕೆ ಅಷ್ಟು ಸಾಕು ಎಂದು ಅವಳು ತೀರ್ಮಾನಿಸಿದಂತಿತ್ತು. ನಾನು ಕಿಟಕಿಯಿಂದ ತಟ್ಟೆ ಕೊಡುತ್ತಿದ್ದೆ, ಅವಳು ತೊಳೆದು ಹಿಂದಕ್ಕೆ ಕೊಡುತ್ತಿದ್ದಳು. ತಿಂಗಳುಗಳು ಕಳೆದವು. ಒಮ್ಮೆ ಅವಳ ಕೂದಲಿಗೆ ಎಣ್ಣೆ ಹಚ್ಚುತ್ತಾ, "ಕತ್ತಲೆ ಅಂದ್ರೆ ಅಷ್ಟೊಂದು ಹೆದ್ರಿಕೆ ಆಗತ್ತಾ ಅಕ್ಕಾ?" ಎಂದು ಕೇಳಿದೆ.

"ಕತ್ತಲೆಗಲ್ಲ ಕುಮುದಿ," ಎಂದಳು. "ಅದು ಮುಗಿಯತ್ತಲ್ಲ, ಅದಕ್ಕೆ."

ನಾನಾಗ ಹನುಮಂತರಾಯರ ಬಳಿ ಚಿತ್ರ ಬರೆಯುವ ಕೆಲಸದಲ್ಲಿದ್ದೆ. ಎಣ್ಣೆ ಗಾಣದ ಮೇಲಿನ ಮಹಡಿಯಲ್ಲಿ ರಾಯರು ವಿಡಿಯೋ ಗೇಮ್ ಮಾಡಿಸುತ್ತಿದ್ದರು. ಟಿವಿಗೆ ಜೋಡಿಸಿ ಆಡುವ ಆಟದ ಡಬ್ಬಿಗಳು ಆಗಷ್ಟೇ ಪೇಟೆಗಳಲ್ಲಿ ಕಾಣಿಸಿಕೊಂಡಿದ್ದವು. ಓಡುವ ಆಟ, ಒದೆಯುವ ಆಟ, ಇಟ್ಟಿಗೆ ಜೋಡಿಸುವ ಆಟ, ಹೀಗೆ ಊರಾಚೆಯವರು ಏನು ಕೇಳಿದರೆ ಅದನ್ನು ರಾಯರು ಮಾಡಿ ಕಳಿಸುತ್ತಿದ್ದರು. ಅವರಲ್ಲಿ ಕೆಲಸಕ್ಕಿದ್ದವರು ನಾನು ಮತ್ತು ರಜಾಕ್. ಚಿತ್ರ ನನ್ನದು, ಆ ಚಿತ್ರಗಳನ್ನು ನಡೆಯುವಂತೆ ಮಾಡುವುದು ರಜಾಕನದು. ಒಂದು ದಿನ ರಾಯರು ಪರದೇಶದ ಹಳೆಯ ಆಟವೊಂದರ ಡಬ್ಬವನ್ನು ಮೇಜಿನ ಮೇಲಿಟ್ಟು, "ಇದು ಭೂತಬಂಗಲೆ ಆಟ. ಹಿಂದೆ ಚೆನ್ನಾಗಿ ಓಡಿತ್ತಂತೆ. ಇದನ್ನೇ ಹೊಸದಾಗಿ ಮಾಡ್ಬೇಕು. ಮೀಸೆ ಇರೋ ಹೀರೋ, ಕೈಯಲ್ಲಿ ಬಂದೂಕು. ಭೂತ ಬರ್ಬೇಕು, ಹೊಡೀಬೇಕು, ಅಷ್ಟೇ," ಎಂದರು.

ಕೆಲಸ ಶುರುವಾದ ಸ್ವಲ್ಪ ದಿನಕ್ಕೇ ರಜಾಕ್ ತಲೆ ಕೆರೆದುಕೊಳ್ಳುತ್ತಾ ನನ್ನ ಬಳಿ ಬಂದ. "ಅಕ್ಕಾ, ಈ ಡಬ್ಬಿ ತಲೇಲಿ ಒಂದ್ ಸಲಕ್ಕೆ ಒಂದೇ ಕೋಣೆ ಹಿಡಿಯೋದು. ಎರಡ್ನೇದು ಒಳಗ್ ಬರ್ಬೇಕಂದ್ರೆ ಮೊದಲ್ನೇದನ್ನ ಖಾಲಿ ಮಾಡ್ಬೇಕು. ಅಲ್ಲೀತಂಕ ಪರದೆ ಕಪ್ಪಗಿರತ್ತೆ."

"ಇದ್ರೆ ಏನಾಯ್ತು? ಬಾಗಿಲು ದಾಟುವಾಗ ಕತ್ತಲೆ ಇರಲ್ವಾ?"

"ನಮಗಿರತ್ತೆ. ಹೊರಗಿನೋರಿಗೆ ಇರಲ್ವಲ್ಲ. ಟಿವಿ ಕೆಟ್ಟೋಯ್ತು ಅಂತ ಅದರ ತಲೆ ಮೇಲೆ ಎರಡು ಬಡೀತಾರೆ."

ಕಪ್ಪನ್ನು ಅಳಿಸಲು ಸಾಧ್ಯವಿರಲಿಲ್ಲ. ಅದಕ್ಕೆ ಆ ಕಪ್ಪಿನ ನಡುವೆ ನಾನು ಬರೀ ಒಂದು ಬಾಗಿಲು ಬರೆದೆ. ಗೋಡೆಯಿಲ್ಲ, ನೆಲವಿಲ್ಲ, ಬಾಗಿಲು ಮಾತ್ರ. ಅದರ ಹಿಡಿ ನಿಧಾನವಾಗಿ ತಿರುಗಬೇಕು, ಕದ ನಿಧಾನವಾಗಿ ಸರಿಯಬೇಕು, ಅಷ್ಟರಲ್ಲಿ ಮುಂದಿನ ಕೋಣೆ ಡಬ್ಬಿಯೊಳಗೆ ಬಂದು ಕೂತಿರಬೇಕು. ಕೆಳಗಿನ ಗಾಣದ ಕಿರುಗುಟ್ಟುವಿಕೆಯನ್ನು ರಜಾಕ್ ಟೇಪಿನಲ್ಲಿ ಹಿಡಿದು ತಂದು ಆ ಕದಕ್ಕೆ ಜೋಡಿಸಿದ. ಕೋಣೆಯನ್ನು ತಿರುಗಿಸಿ ನಾಲ್ಕೂ ಕಡೆ ತೋರಿಸುವ ತಾಕತ್ತೂ ಡಬ್ಬಿಗಿರಲಿಲ್ಲ. ಹಾಗಾಗಿ ಪ್ರತಿ ಕೋಣೆಯನ್ನೂ ನಾನು ಯಾವುದಾದರೂ ಒಂದು ಮೂಲೆಯಿಂದ ಕಂಡಂತೆ ಬರೆದೆ. ಒಂದು ಸೂರಿನಿಂದ ಇಣುಕಿದಂತೆ, ಇನ್ನೊಂದು ಮಂಚದ ಕೆಳಗಿನಿಂದ ನೋಡಿದಂತೆ. ತಿರುವಿನ ಆಚೆ ನಿಂತದ್ದು ಆಡುವವನಿಗೆ ಕಾಣುವುದಿಲ್ಲ. ಕಾಲೆಳೆಯುವ ಸಪ್ಪಳ ಮಾತ್ರ ಕೇಳುತ್ತದೆ. ಡಬ್ಬಿಯ ಬಡತನವನ್ನು ಮುಚ್ಚಿಕೊಳ್ಳಲು ಮಾಡಿದ ಈ ಉಪಾಯಗಳೇ ಮುಂದೆ ಆಟದ ಜೀವವಾಗುತ್ತವೆಂದು ನಮಗಿಬ್ಬರಿಗೂ ಆಗ ಅನಿಸಿರಲಿಲ್ಲ.

ಅಕ್ಕನನ್ನು ಒಬ್ಬಳನ್ನೇ ಬಿಟ್ಟು ದಿನವಿಡೀ ಹೊರಗಿರಲು ನನಗೆ ಮನಸ್ಸಾಗುತ್ತಿರಲಿಲ್ಲ. ರಾಯರನ್ನು ಕೇಳಿ ಟಿವಿಯನ್ನೂ ಡಬ್ಬಿಯನ್ನೂ ಮನೆಗೆ ತಂದು ಅವಳ ಕೋಣೆಯಲ್ಲೇ ಇಟ್ಟುಕೊಂಡೆ. ಮಾಡಿದ್ದನ್ನು ಆಡಿ ನೋಡಲು ಯಾರಾದರೂ ಬೇಕಿತ್ತು. ಒತ್ತಿ ಆಡುವ ಗುಂಡಿಗಳಿದ್ದ ಪಟ್ಟಿಯನ್ನು ಅವಳ ಕೈಗೆ ಕೊಟ್ಟೆ.

"ಹೆದರ್ಸೋ ಆಟ ನಂಗ್ಯಾಕೆ?" ಎಂದು ಅವಳು ಪಕ್ಕಕ್ಕಿಟ್ಟಳು. "ನನ್ನ ಹತ್ರ ಇಲ್ವಾ?"

"ಹೆದ್ರಿಕೆ ಗೊತ್ತಿರೋರೇ ಹೇಳ್ಬೇಕು ಅಕ್ಕಾ, ಸರಿಯಾಗಿದ್ಯೋ ಇಲ್ವೋ ಅಂತ."

ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ನಾನು ತಟ್ಟೆ ಕೊಡಲು ಕಿಟಕಿಗೆ ಬಂದಾಗ ಗೋಡೆಗೊರಗಿ ಆಡುತ್ತಿದ್ದಳು, ಮುಖದಲ್ಲಿ ಬೇಸರ. "ಇದ್ರಲ್ಲಿ ಹೆದ್ರಿಕೆ ಎಲ್ಲಿದೆ? ಮೀಸೆಯವನ ಚೀಲದ ತುಂಬಾ ಗುಂಡು. ಬಂದಿದ್ದನ್ನ ಬಂದ ಹಾಗೆ ಹೊಡೀತಾನೆ. ನಾನು ಹೆರಿಗೆಗೆ ಹೋಗುವಾಗ ಚೀಲದಲ್ಲಿ ಏನೇನು ಹಿಡಿಯತ್ತೆ ಅಂತ ನಿಂಗೆ ಗೊತ್ತಲ್ಲ. ಒಂದು ಇಟ್ಟುಕೊಂಡ್ರೆ ಇನ್ನೊಂದು ಬಿಡ್ಬೇಕು. ದಾರಿಯುದ್ದಕ್ಕೂ ಬಿಟ್ಟು ಬಂದಿದ್ದರ ಯೋಚನೇನೇ."

ನಾವು ಚೀಲ ಚಿಕ್ಕದು ಮಾಡಿದೆವು. ಗುಂಡು, ಗಾಯಕ್ಕೆ ಹಚ್ಚುವ ಸೊಪ್ಪು, ಬೀಗದ ಕೈ ಎಲ್ಲಕ್ಕೂ ಅದರಲ್ಲೇ ಜಾಗವಾಗಬೇಕು. ಎಲ್ಲ ಭೂತಗಳನ್ನೂ ಹೊಡೆಯುವಷ್ಟು ಗುಂಡು ಬಂಗಲೆಯಲ್ಲೇ ಇಲ್ಲದ ಹಾಗೆ ಮಾಡಿದೆವು. ಕೆಲವನ್ನು ಹೊಡೆಯಬೇಕು, ಕೆಲವನ್ನು ತಪ್ಪಿಸಿಕೊಂಡು ಗೋಡೆ ಸವರುತ್ತಾ ಹೋಗಬೇಕು. ಅಕ್ಕ ಅರ್ಧ ದಿನ ಆಡಿದಳು. ಆಮೇಲೆ, "ಈಗ ತುಂಬಾ ಹೆಚ್ಚಾಯ್ತು. ಒಂದು ಕೋಣೆಯಾದ್ರೂ ಇರ್ಲಿ, ಅಲ್ಲಿಗೆ ಏನೂ ಬರ್ಬಾರ್ದು. ಒಲೆ ಉರೀತಿರ್ಲಿ. ಹೆರಿಗೆ ಮನೇಲಿ ನಾನು ಅಡುಗೆಮನೆಗೆ ಹೋಗಿ ಒಂದು ಗಳಿಗೆ ಕೂತು ಬರ್ತಿದ್ದೆ, ಆ ಥರದ್ದು," ಎಂದಳು. ಅಡುಗೆಮನೆ ಎಂಬ ಪದ ಅವಳ ಬಾಯಲ್ಲಿ ಅಷ್ಟು ದಿನಗಳ ಮೇಲೆ ಬಂದಿತ್ತು.

ಒಲೆಯ ಕೋಣೆಯನ್ನು ನಾನು ಬೇರೆಲ್ಲ ಕೋಣೆಗಳಿಗಿಂತ ಹೆಚ್ಚು ಮುತುವರ್ಜಿಯಿಂದ ಬರೆದೆ. ರಜಾಕ್ ಅವನ ಮಾವನ ಹಾರ್ಮೋನಿಯಂನಲ್ಲಿ ನುಡಿಸಿದ ಒಂದು ಸಣ್ಣ ರಾಗವನ್ನು ಅಲ್ಲಿಗೆ ಹಾಕಿದ. ಆ ಕೋಣೆಯಲ್ಲಿ ನಿಂತರೆ ಅದುವರೆಗಿನ ಆಟವೆಲ್ಲ ಉಳಿಯುತ್ತದೆ. ಸತ್ತರೂ ಅಲ್ಲಿಂದಲೇ ಮತ್ತೆ ಎದ್ದು ಹೊರಡಬಹುದು. ಅಕ್ಕ ಎಷ್ಟೋ ಸಂಜೆ ಆಡದೇ, ಆ ಕೋಣೆಯಲ್ಲಿ ತನ್ನ ಗೊಂಬೆಯನ್ನು ನಿಲ್ಲಿಸಿ ರಾಗ ಕೇಳುತ್ತಾ ಬಟ್ಟೆ ಮಡಿಸುತ್ತಿದ್ದಳು. ಮೀಸೆಯ ಹೀರೋ ಅಷ್ಟರಲ್ಲಿ ಹೋಗಿ ಆ ಜಾಗಕ್ಕೆ ಲಾಂದ್ರ ಹಿಡಿದ ಹೆಂಗಸು ಬಂದಿದ್ದಳು. ಬಂಗಲೆಯ ಒಳಗೆಲ್ಲೋ ಯಾರೋ ಇದ್ದಾರೆ, ಅವರನ್ನು ಹುಡುಕಲು ಬಂದವಳು. ಇದೂ ಅಕ್ಕನದೇ ಸೂಚನೆ. "ಸುಮ್ನೆ ಹೊಡೆಯೋಕೆ ಯಾರಾದ್ರೂ ಅಂಥ ಮನೆ ಒಳಗ್ ಹೋಗ್ತಾರಾ? ಒಳಗೆ ಯಾರೋ ಕಾಯ್ತಿದ್ದಾರೆ ಅಂದ್ರೆ ಹೋಗ್ತಾರೆ."

ಆಟದ ಕೊನೆಗೆ ಒಂದು ಬಾಗಿಲಿತ್ತು. ಅದರ ಹಿಂದೆ ಎಲ್ಲಕ್ಕಿಂತ ದೊಡ್ಡ ಭೂತವನ್ನಿಡಬೇಕೆಂದು ರಜಾಕನ ಆಸೆ. ನಾನು ಮಾತ್ರ ಒಂದು ಮಂಚ ಬರೆದೆ, ಅದರ ಮೇಲೆ ಒಬ್ಬಾಕೆ ಎದ್ದು ಕೂತು ಬಾಗಿಲ ಕಡೆ ನೋಡುತ್ತಿದ್ದಾಳೆ. "ಬಂದ್ರಾ?" ಎನ್ನುತ್ತಾಳೆ, ಅಷ್ಟೇ. ರಜಾಕ್ ಆ ಚಿತ್ರವನ್ನು ಬಹಳ ಹೊತ್ತು ನೋಡಿ, "ದೊಡ್ಡದನ್ನ ಇದಕ್ಕಿಂತ ಮುಂಚಿನ ಕೋಣೇಲಿ ಇಡ್ತೀನಿ ಬಿಡಿ ಅಕ್ಕಾ," ಎಂದ. ಅಕ್ಕನಿಗೆ ನಾವು ಏನನ್ನೂ ಹೇಳಲಿಲ್ಲ. ಅವಳು ಬಂಗಲೆಯನ್ನೆಲ್ಲ ದಾಟಿ ಆ ಬಾಗಿಲವರೆಗೆ ಬಂದಳು. ಹಿಡಿಯ ಮೇಲೆ ಕೈಯಿಡಬೇಕು, ಗುಂಡಿ ಒತ್ತಬೇಕು. ಒತ್ತಲಿಲ್ಲ. ಹಿಂದಿರುಗಿ ಒಲೆಯ ಕೋಣೆಗೆ ಹೋದಳು. ಮರುದಿನವೂ ಬಂದಳು, ನಿಂತಳು, ಹಿಂದಿರುಗಿದಳು. ಒತ್ತಾಯ ಮಾಡಲು ನನಗೆ ಧೈರ್ಯ ಬರಲಿಲ್ಲ. ಒಂದಲ್ಲ ಒಂದು ದಿನ ಒತ್ತುತ್ತಾಳೆ ಎಂದುಕೊಂಡು ಸುಮ್ಮನಿದ್ದೆ.

ಅಷ್ಟರಲ್ಲಿ ಆಟ ರಾಯರ ಕೈಗೆ ಹೋಯಿತು. ಅವರು ಒಳ್ಳೆಯ ಮನುಷ್ಯರೇ, ಆದರೆ ಹೊರಗಿನವರ ಅಭಿರುಚಿಯ ಬಗ್ಗೆ ಅವರಿಗೆ ಸದಾ ಭಯ. "ಎಲ್ಲಾ ಸರಿ ಕಣಮ್ಮ, ಈ ಬಾಗಿಲುಗಳದ್ದೇ ರಗಳೆ. ಎಷ್ಟೊತ್ತು ಅಂತ ಕಾಯ್ತಾರೆ ಜನ?" ಎಂದರು. ಆ ಹೊತ್ತಿಗೆ ಮಾರುಕಟ್ಟೆಗೆ ಹೆಚ್ಚು ಶಕ್ತಿಯ ಹೊಸ ಡಬ್ಬಿ ಬಂದಿತ್ತು. ಅದಕ್ಕೆ ಕಪ್ಪು ಪರದೆಯ ಅಗತ್ಯವೇ ಇರಲಿಲ್ಲ. ರಾಯರು ರಜಾಕನಿಗೆ ಹೇಳಿ ಬಾಗಿಲುಗಳನ್ನೆಲ್ಲ ತೆಗೆಸಿದರು. ಒಂದು ಕೋಣೆಯಿಂದ ಇನ್ನೊಂದಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಬಹುದಿತ್ತು. ನಾನು ಬೇಡವೆಂದೆ, ಆದರೆ ಗಟ್ಟಿಯಾಗಿ ಹೇಳಲಿಲ್ಲ. ಬೇಡ ಎನ್ನಲು ಕಾರಣವೇನೆಂದು ಅವರು ಕೇಳಿದಾಗ ನನಗೆ ಹೇಳಲು ತಿಳಿಯಲಿಲ್ಲ. ಹೊಸ ಡಬ್ಬಿಯನ್ನೂ ಹೊಸ ಆಟವನ್ನೂ ರಜಾಕ್ ಮನೆಗೆ ತಂದು ಜೋಡಿಸಿಕೊಟ್ಟ. ನಾನು ಕೆಲಸಕ್ಕೆ ಹೊರಟೆ.

ಮಧ್ಯಾಹ್ನದ ಊಟ ಮುಗಿಸಿ ರಾಯರು, ರಜಾಕ್, ನಾನು ಮೂವರೂ ಮಹಡಿಯಲ್ಲಿ ಕೂತು ಆಟದ ಡಬ್ಬದ ಮೇಲೆ ಯಾವ ಚಿತ್ರ ಹಾಕುವುದೆಂದು ಮಾತಾಡುತ್ತಿದ್ದೆವು. ನಮ್ಮ ಮಹಡಿಯ ಬಾಗಿಲ ಆಚೆ, ಕತ್ತಲೆಯಲ್ಲಿ, ಯಾರೋ ದಾಪುಗಾಲು ಹಾಕಿ ಬರುತ್ತಿರುವ ಸಪ್ಪಳವಾಯಿತು. ಕೆಮ್ಮಲಿಲ್ಲ, ಹೆಸರು ಹೇಳಲಿಲ್ಲ. ರಾಯರು ಎದ್ದು ನಿಂತರು. ಬೆಳಕಿಗೆ ಬಂದವಳು ನನ್ನ ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಕಾಲಲ್ಲಿ ಚಪ್ಪಲಿಯಿರಲಿಲ್ಲ, ಸಿಟ್ಟಿಗೆ ಮೂಗಿನ ತುದಿ ಕೆಂಪಗಾಗಿತ್ತು.

"ಬಾಗಿಲು ಯಾರು ತೆಗೆದಿದ್ದು?" ಎಂದಳು.

ನಾನೂ ರಜಾಕನೂ ರಾಯರ ಕಡೆ ನೋಡಿದೆವು. ಅವಳ ಕಣ್ಣು ರಾಯರ ಮೇಲೆ ನಿಂತಿತು. "ನೀವೇನು ರಾಯರೇ? ಆ ದೊಡ್ಡ ಭೂತದಿಂದ ತಪ್ಪಿಸಿಕೊಂಡು ಓಡಿ ಬಂದೆ. ಕೊನೇ ಬಾಗಿಲ ಹತ್ರ ನಿಲ್ಲೋಣ ಅಂತಿದ್ದೆ. ನಿಲ್ಲೋಕೇ ಬಿಡಲಿಲ್ಲ. ಕೈ ತಾಗಿದ್ದೇ ತಡ, ಆ ಹೆಂಗಸು ಎದುರಿಗೆ. ಬಂದ್ರಾ ಅಂತ ಕೇಳ್ತಾಳೆ. ನಾನೆಲ್ಲಿ ಬಂದೆ? ನಾನಿನ್ನೂ ಬಂದೇ ಇರಲಿಲ್ಲ." ಮುಂಗೈಯಿಂದ ಮುಖ ಒರೆಸಿಕೊಂಡಳು. "ಇಷ್ಟು ದಿನ ಅಲ್ಲಿ ನಿಂತು ನಿಂತು ಹೋಗಿದ್ದೀನಿ. ಅವಳು ಇರ್ತಾಳೋ ಇಲ್ವೋ ಅಂತ. ಇದ್ದಾಳೆ ಅಂತ ನಾನೇ ನಡೆದು ಹೋಗಿ ನೋಡ್ಬೇಕಿತ್ತು."

ರಾಯರು ತಮ್ಮ ಕುರ್ಚಿಯನ್ನು ಅವಳಿಗೆ ಕೊಟ್ಟರು. ಅವಳು ಕೂತಳು. ಕೂತ ಮೇಲೆ ಸುತ್ತ ನೋಡಿದಳು. ಮೇಜು, ಟಿವಿ, ಗೋಡೆಗೆ ಅಂಟಿಸಿದ ನನ್ನ ಚಿತ್ರಗಳು, ತೆರೆದ ಕಿಟಕಿಯಾಚೆ ಗಾಣದ ಅಂಗಳ. ಆಮೇಲೆ ತಾನು ಬಂದ ಬಾಗಿಲ ಕಡೆ ತಿರುಗಿದಳು. ತನ್ನ ಕೋಣೆಯ ಬಾಗಿಲು, ಬೀದಿ ಬಾಗಿಲು, ಗಾಣದ ಬಾಗಿಲು, ಮಹಡಿಯ ಬಾಗಿಲು, ಎಲ್ಲವನ್ನೂ ದಾಟಿ ಬಂದದ್ದು ಆಗ ಅವಳ ಅರಿವಿಗೆ ಬಂತೆಂದು ತೋರುತ್ತದೆ. ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದಳು. ನಾನು ಹೋಗಿ ಅವಳ ಕೈ ಹಿಡಿದುಕೊಂಡೆ.

"ನೀರು ಕೊಡ್ಲಾ ಅಕ್ಕಾ?"

"ಬೇಡ, ಎಲ್ಲೂ ಹೋಗ್ಬೇಡ," ಎಂದಳು. ಸ್ವಲ್ಪ ಹೊತ್ತಾದ ಮೇಲೆ ಉಸಿರು ಹತೋಟಿಗೆ ಬಂತು. "ಹೋಗು," ಎಂದಳು. "ಹೋಗಿ ತಾ. ನಾನಿಲ್ಲೇ ಇರ್ತೀನಿ."

ನಾನು ಪಕ್ಕದ ಕೋಣೆಗೆ ಹೋಗಿ ನೀರು ತಂದೆ. ಹೋಗುವಾಗ ಒಂದು ಕತ್ತಲೆ, ಬರುವಾಗ ಒಂದು ಕತ್ತಲೆ. ಆ ಎರಡು ಕತ್ತಲೆಗಳಲ್ಲಿ ನನ್ನ ಎದೆ ಹೊಡೆದುಕೊಂಡ ರೀತಿಯನ್ನು ಯಾವ ಆಟದಲ್ಲೂ ತೋರಿಸಲು ಬರುವುದಿಲ್ಲ. ಬಂದಾಗ ಅವಳು ಅಲ್ಲೇ ಕೂತು ರಜಾಕನಿಗೆ ಏನೋ ವಿವರಿಸುತ್ತಿದ್ದಳು. ನನ್ನನ್ನು ನೋಡಿ ಕೈ ಚಾಚಿದಳು, ಗಟಗಟ ಕುಡಿದಳು.

ಆ ಸಂಜೆ ರಾಯರು ಆಟದ ಎರಡೂ ರೂಪಗಳನ್ನು ತಾವೇ ಕೂತು ಆಡಿದರು. ಬಾಗಿಲಿಲ್ಲದ್ದನ್ನು ಆಡುವಾಗ ತೊಡೆ ತಟ್ಟಿ ನಗುತ್ತಾ ಕೋಣೆಯಿಂದ ಕೋಣೆಗೆ ಹಾರಿದರು. ಬಾಗಿಲಿದ್ದದ್ದನ್ನು ಆಡುವಾಗ ನಗು ಕಡಿಮೆಯಾಯಿತು. ಬಂಗಲೆಯ ಕೆಳಮಹಡಿಯ ಓಣಿಯಲ್ಲಿ, ಒಂದು ಬಾಗಿಲ ಮುಂದೆ, ಹಿಡಿ ಹಿಡಿದೇ ನಿಂತುಬಿಟ್ಟರು. "ಒಳಗೇನಿದೆ?" ಎಂದು ಅಕ್ಕನನ್ನು ಕೇಳಿದರು.

"ತೆಗೀರಿ, ಗೊತ್ತಾಗತ್ತೆ."

"ಗುಂಡು ಒಂದೇ ಉಳಿದಿದೆ ತಾಯಿ."

"ಹಂಗಾದ್ರೆ ಒಲೆ ಕೋಣೆಗೆ ಹೋಗಿ ಸುಧಾರಿಸಿಕೊಂಡು ಬನ್ನಿ. ಯಾರೂ ಓಡಿಸ್ಕೊಂಡ್ ಬರ್ತಿಲ್ಲ."

ರಾಯರು ಸುಧಾರಿಸಿಕೊಂಡು ಬಂದರು. ಬಾಗಿಲುಗಳು ಉಳಿದವು. ಮಾಡಿದ್ದನ್ನು ಆಡಿ ನೋಡುವ ಕೆಲಸಕ್ಕೆ ಅಕ್ಕ ಮಹಡಿಯಲ್ಲೇ ನಿಂತಳು. ಮನೆಯಿಂದ ಮಹಡಿಗೆ ಅವಳು ದಿನವೂ ನಡೆದೇ ಬರುತ್ತಿದ್ದಳು. ಕೆಲವು ದಿನ ಸಲೀಸು, ಕೆಲವು ದಿನ ಬೀದಿ ಬಾಗಿಲ ಮುಂದೆಯೇ ಅರ್ಧ ಬೆಳಗು ಕಳೆಯುವುದು. ಅಂಥ ದಿನ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ತಾನಾಗಿ ಬರುತ್ತಾಳೆಂದು ನಮಗೆ ಗೊತ್ತಿರುತ್ತಿತ್ತು.

ಆಟ ಊರಾಚೆ ಹೋಯಿತು. ಮೊದಲು ನಿಧಾನಕ್ಕೆ, ಆಮೇಲೆ ರಾಯರಿಗೇ ನಂಬಿಕೆ ಬಾರದ ಹಾಗೆ. ಎರಡನೆಯ ಭಾಗ ಬೇಕು ಎಂದರು, ಮೂರನೆಯದೂ ಬೇಕು ಎಂದರು. ಸಮುದ್ರದ ಬದಿಯ ದೊಡ್ಡ ಪೇಟೆಯ ವಿಡಿಯೋ ಪಾರ್ಲರಿನವನು, ಆಟ ಮಾಡಿದವರನ್ನು ಒಮ್ಮೆ ನೋಡಬೇಕೆಂದು ಕರೆ ಕಳಿಸಿದ. ಅಕ್ಕ ಹುಟ್ಟಿದಂದಿನಿಂದ ಊರು ಬಿಟ್ಟವಳಲ್ಲ. ನಾನೂ ಅಷ್ಟೇ. ಇಬ್ಬರೂ ಬಸ್ಸು ಹತ್ತಿದೆವು.

ಪಾರ್ಲರಿಗೆ ಬಾಗಿಲಿರಲಿಲ್ಲ, ಎತ್ತಿ ಸುತ್ತುವ ಶಟರು. ಒಳಗೆ ಜನ ಒಬ್ಬರ ಬೆನ್ನ ಮೇಲೊಬ್ಬರು ಬಾಗಿ ನಮ್ಮ ಬಂಗಲೆಯನ್ನು ನೋಡುತ್ತಿದ್ದರು. ಆಡುತ್ತಿದ್ದದ್ದು ಖಾಕಿ ಸೀರೆಯ ಒಬ್ಬ ಬಸ್ ಕಂಡಕ್ಟರು, ನಲವತ್ತರ ಹೆಂಗಸು. ಪರದೆ ಕಪ್ಪಾಗಿ ಬಾಗಿಲು ಕಿರುಗುಟ್ಟಿದಾಗ ಇಡೀ ಪಾರ್ಲರು ಉಸಿರು ಹಿಡಿಯಿತು. ಆಚೆಯ ಕೋಣೆ ಖಾಲಿಯಿತ್ತು. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟು ನಕ್ಕರು. ಗುರುತಿಲ್ಲದವರು ಗುರುತಿಲ್ಲದವರ ಭುಜ ತಟ್ಟಿದರು. ಆಟ ಬಿಟ್ಟು ಎದ್ದವಳನ್ನು ಅಕ್ಕ ಕೇಳಿದಳು, "ಇಷ್ಟು ಹೆದ್ರಿಕೊಂಡು ಯಾಕಮ್ಮ ಆಡ್ತೀರಿ?"

ಅವಳು ಬೆವರೊರೆಸಿಕೊಂಡು ಯೋಚಿಸಿದಳು. "ಗೊತ್ತಿಲ್ಲ ಅಕ್ಕಾವ್ರೆ. ದಿನಾ ಬೈಸ್ಕೊಂಡು, ನೂಕಿಸ್ಕೊಂಡು ಮನೇಗ್ ಹೋಗ್ತೀನಿ. ಮೊದ್ಲು ಬಾಗ್ಲು ದಬ್ಬಿ ಒಳಗ್ ನುಗ್ಗಿ ಎಲ್ರ ಮೇಲೂ ರೇಗಾಡ್ತಿದ್ದೆ. ಇದನ್ನ ಆಡಕ್ ಶುರು ಮಾಡಿದ್ಮೇಲೆ ಬಾಗ್ಲ ಮುಂದೆ ಒಂದು ಗಳಿಗೆ ನಿಲ್ತೀನಿ. ಒಳಗೆ ನನ್ನ ಮಕ್ಕಳಿರ್ತಾರೆ ಅಂತ ಗೊತ್ತು. ಆದ್ರೂ ನಿಂತು ಆಮೇಲೆ ತೆಗೆದ್ರೆ, ಅವ್ರು ಅಲ್ಲಿರೋದು ನೋಡಿ ಒಂದ್ ಥರಾ ಆಗತ್ತೆ."

ಅಕ್ಕ ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಬಿಟ್ಟಳು.

ನಮಗೆ ಉಳಿಯಲು ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದಿದ್ದರು. ಬಿಸಿಲು ಇನ್ನೂ ಇತ್ತು. ಬಾಗಿಲ ಮುಂದೆ ಅಕ್ಕ ಎಂದಿನಂತೆ ನಿಂತಳು, ಚೀಲವನ್ನು ಎದೆಗವಚಿಕೊಂಡಳು, ಉಸಿರೆಳೆದುಕೊಂಡು ಬಾಗಿಲು ತಳ್ಳಿದಳು. ಕೋಣೆ ಅಲ್ಲೇ ಇತ್ತು. ಮಂಚ, ಮಡಿಸಿಟ್ಟ ಹೊದಿಕೆ, ಕಿಟಕಿಯ ತುಂಬ ಸಮುದ್ರ, ಎಲ್ಲ ಒಟ್ಟಿಗೆ ಮುಖದ ಮೇಲೆ ಬಂದು ಬಿದ್ದವು. ಅವಳು ಬೆಚ್ಚಿ ಒಂದು ಹೆಜ್ಜೆ ಹಿಂದಿಟ್ಟಳು. ಬಾಗಿಲು ಮುಚ್ಚಿ ಮತ್ತೆ ತೆರೆದಳು. ಮತ್ತೆ ಮುಚ್ಚಿ ತೆರೆದಳು. ನಾನು ನಗುತ್ತಿದ್ದೆ, ಅವಳು ನಗಲಿಲ್ಲ.

"ಪಾಪ ಕಣೇ ಕುಮುದಿ," ಎಂದಳು. "ಇವ್ರಿಗೆ ನಡುವೆ ಹೊತ್ತೇ ಇಲ್ಲ."

ಆಮೇಲೆ ಹೊಸ್ತಿಲ ಮೇಲೆ ನಿಂತು ಕಣ್ಣು ಮುಚ್ಚಿಕೊಂಡಳು. ಕಾರಿಡಾರಿನಲ್ಲಿ ಯಾರೋ ಬಕೆಟ್ಟು ಹಿಡಿದು ನಮ್ಮನ್ನು ಬಳಸಿಕೊಂಡು ಹೋದರು. ಅವಳಿಗೆ ಅವಸರವಿರಲಿಲ್ಲ. ತನಗೆ ಬೇಕಾದಷ್ಟು ಹೊತ್ತು ಹಾಗೆಯೇ ನಿಂತಿದ್ದು, "ಬಂದೆ, ನಾನೇ" ಎಂದು ಖಾಲಿ ಕೋಣೆಗೆ ಹೇಳಿ, ಅಕ್ಕ ಒಳಗೆ ಹೋದಳು.